ಗಬ್ಬೂರ ಬೈಪಾಸೂ ಪೌರರ ಕರ್ತವ್ಯವೂ

ಹುಬ್ಬಳ್ಳಿಯ ಅಂಚಿನ ಗಬ್ಬೂರಿನಿಂದ ಧಾರವಾಡದ ಬಳಿಯ ನರೇಂದ್ರಕ್ಕೆ ಹೋಗುವ ಬೈಪಾಸ್ ರಸ್ತೆಯು ಎಷ್ಟು ಮನೆಗಳ ದೀಪವನ್ನು ನಂದಿಸಿದೆಯೆಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. 2021ರ ಜನವರಿ 15ರಂದು ಇದೇ ಹಾದಿಯಲ್ಲಿ, ಇಟಿಗಟ್ಟಿಯ ಹತ್ತಿರ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಮಹಿಳೆಯರನೇಕರು ಅಸುನೀಗಿದರು. ರಸ್ತೆಯನ್ನು ಸುಧಾರಿಸುವದು ಸರಕಾರದ ಹೊಣೆ. ಗಾಯಾಳುವು ಬಿದ್ದ ಗಳಿಗೆಯಲ್ಲಾದರೋ ಹತ್ತಿರವಿದ್ದವನೇ ಆತನಿಗೆ ದಿಕ್ಕು.

ಆದರೆ "ಪೋಲೀಸರ ಗೊಡವೆ ನಮಗೇಕೆ?" ಎಂದು ನಮ್ಮ ಜನರು ಮುಖ ತಿರುವುವದುಂಟು. ಈ ಭಯಕ್ಕೆ ಈಗ ಆಧಾರವಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 134ಎ ಕಲಮು, ಸದ್ಭಾವದಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳೆಂದು ಆತನನ್ನು ಪೋಲೀಸರು ಬಲವಂತಪಡಿಸುವಂತಿಲ್ಲ. ಪೋಲೀಸ್, ಅಗ್ನಿಶಾಮಕ, ವೈದ್ಯಕೀಯ ಈ ಮೂರೂ ನೆರವನ್ನು 112ರಿಂದ ಕೋರಬಹುದು. ದೂರವಾಣಿಯ ಹಣದ ಮೋಸಕ್ಕೆ 1930.

2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಸಂಜ್ಞೇಯ ಅಪರಾಧದ ಫಿರ್ಯಾದಿಯನ್ನು "ನಮ್ಮ ಹದ್ದಲ್ಲ" ಎಂದು ಯಾವ ಠಾಣೆಯೂ ತಳ್ಳಲಾಗದು. ದಾಖಲೆಯ ಪ್ರತಿಯನ್ನು ಬಿಟ್ಟಿಯಾಗಿ ಕೊಡಲೇಬೇಕು. ಈ ನಿಯಮಗಳನ್ನು ಫೌಜದಾರರು ಠಾಣೆಯ ಬಾಗಿಲಲ್ಲಿ ಶುದ್ಧ ಕನ್ನಡದಲ್ಲಿ ಬರೆಯಿಸಲಿ. ಗಬ್ಬೂರಿನ ಅಂಗಡಿಕಾರರು 112ನ್ನು ತಮ್ಮ ಗೋಡೆಯ ಮೇಲೆ ಬರೆಯಿಸಲಿ. ಖರ್ಚು ಒಂದು ಡಬ್ಬಿ ಬಣ್ಣದ್ದು. ಉಳಿಯುವದು ಯಾರದೋ ಪ್ರಾಣ.