ನಿಮಗಿದು ಗೊತ್ತೆ?: ತಪಸ್ಸುಕಾಲಕ್ಕೂ ಬೆಳ್ಳಿತೆರೆಗೂ ಇರುವ ನಂಟು

ಬೂದಿ ಬುಧವಾರದಿಂದ ಶುರುವಾಗುವ ಕ್ರೈಸ್ತರ ತಪಸ್ಸುಕಾಲ, ಭಾನುವಾರಗಳನ್ನು ಬಿಟ್ಟು ಲೆಕ್ಕ ಹಾಕಿದರೆ 40 ದಿನ. ಉಪವಾಸ, ಪ್ರಾರ್ಥನೆ, ದಾನ ಇದರ ಮೂರು ಆಚರಣೆಗಳು. ಒಳ್ಳೆಯ ಸಿನಿಮಾ ಕೂಡ ಈ ಆತ್ಮಾವಲೋಕನಕ್ಕೆ ನೆರವಾಗಬಲ್ಲದು.



● ತಪಸ್ಸುಕಾಲದ ಶುಕ್ರವಾರಗಳ ಶಿಲುಬೆಯ ಹಾದಿಯಲ್ಲಿ 14 ಸ್ಥಳಗಳು. ಪ್ರತಿಯೊಂದರಲ್ಲೂ ಯೇಸುವಿನ ಯಾತನೆಯ ಒಂದು ದೃಶ್ಯದೆದುರು ಧ್ಯಾನ. ದೃಶ್ಯ ನೋಡಿ ಪ್ರಾರ್ಥಿಸುವ ಈ ರೂಢಿ ಸಿನಿಮಾಕ್ಕಿಂತ ಶತಮಾನಗಳಷ್ಟು ಹಳೆಯದು.

● ದಾದಾಸಾಹೇಬ್ ಫಾಲ್ಕೆಗೆ ಸಿನಿಮಾ ಮಾಡಲು ಪ್ರೇರಣೆಯಾದದ್ದು ಮುಂಬೈಯಲ್ಲಿ ನೋಡಿದ ಕ್ರಿಸ್ತನ ಜೀವನದ ಮೂಕಿಚಿತ್ರ. ನಮ್ಮ ದೇವರ ಕಥೆಗಳನ್ನೂ ತೆರೆಗೆ ತರಬೇಕೆಂಬ ಹಂಬಲ ಅಲ್ಲೇ ಹುಟ್ಟಿತು. 1913ರಲ್ಲಿ ಅವರ ‘ರಾಜಾ ಹರಿಶ್ಚಂದ್ರ’ ಬಂತು.

● ಸಿನಿಮಾಕ್ಕೆ ನೂರು ತುಂಬಿದಾಗ, 1995ರಲ್ಲಿ, ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳ ಪಟ್ಟಿ ಹೊರಡಿಸಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗ. ಮೌಲ್ಯಗಳ ವಿಭಾಗದಲ್ಲಿ ‘ಗಾಂಧಿ’ಯೂ ಇದೆ, ‘ಬೈಸಿಕಲ್ ಥೀವ್ಸ್’ ಕೂಡ ಇದೆ.

● ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಕಾದಂಬರಿ ಆಧರಿಸಿದ ‘ಚೋಮನ ದುಡಿ’ 1975ರ ಸ್ವರ್ಣ ಕಮಲ ರಾಷ್ಟ್ರಪ್ರಶಸ್ತಿ ಪಡೆಯಿತು. ತುಂಡು ಭೂಮಿಗಾಗಿ ಹಂಬಲಿಸುವ ಚೋಮನೆದುರು ಮತಾಂತರದ ದಾರಿಯೂ ತೆರೆಯುತ್ತದೆ. ನಂಬಿಕೆ, ಹಸಿವು, ನ್ಯಾಯ ಮೂರನ್ನೂ ಒಟ್ಟಿಗೆ ಯೋಚಿಸಲು ತಪಸ್ಸುಕಾಲದಲ್ಲಿ ನೋಡಲೇಬೇಕಾದ ಚಿತ್ರ ಇದು.

● ಹೀಗೆ ಮಾಡಿ: ಮನೆಮಂದಿ ಒಟ್ಟಿಗೆ ಕೂತು ಒಂದು ಚಿತ್ರ ನೋಡಿ, ಮುಗಿದ ಮೇಲೆ ಟಿ.ವಿ. ಆರಿಸಿ, ಯಾವ ಪಾತ್ರ ಮನಸ್ಸು ಕಲಕಿತು, ಏಕೆ ಎಂದು ಮಕ್ಕಳೂ ಹಿರಿಯರೂ ಮಾತಾಡಿ.