ಸಹಿಗೆ ಸಿಗುವ ಬೆಲೆ, ಸಹಿಯ ಭಾರ: ಸಣ್ಣ ಊರಿನ ಸಿವಿಲ್ ಎಂಜಿನಿಯರ್ ಬದುಕು ಮತ್ತು ಸಂಸಾರ

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ನಾವು ಎಂಜಿನಿಯರುಗಳ ದಿನವನ್ನು ಆಚರಿಸುತ್ತೇವೆ. ಅಣೆಕಟ್ಟೆ, ಕಾಲುವೆ, ಸೇತುವೆಗಳ ಕುರಿತು ಭಾಷಣಗಳಾಗುತ್ತವೆ. ಆದರೆ ನಾಡಿನ ಬಹುಪಾಲು ಜನರು ತಮ್ಮ ಜೀವಮಾನದಲ್ಲಿ ಎದುರು ಕುಳಿತು ಮಾತನಾಡುವ ಎಂಜಿನಿಯರ್ ಅಣೆಕಟ್ಟೆ ಕಟ್ಟಿದವರಲ್ಲ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ‘ಕಟ್ಟಡ ನಕ್ಷೆ, ಎಸ್ಟಿಮೇಟ್, ಮೇಲ್ವಿಚಾರಣೆ’ ಎಂಬ ಫಲಕ ತೂಗುಹಾಕಿಕೊಂಡು ಕುಳಿತಿರುವವರು ಅವರು. ಅವರ ಮೇಜಿನ ಹಿಂದೆಯೂ ವಿಶ್ವೇಶ್ವರಯ್ಯನವರ ಚಿತ್ರವಿರುತ್ತದೆ. ಪೇಟ ಧರಿಸಿದ ಆ ದಿವಾನರಿಗೂ ಈ ಕೋಣೆಯ ಆದಾಯಕ್ಕೂ ಸಂಬಂಧ ಕಡಿಮೆ.

ಕರ್ನಾಟಕದಲ್ಲಿ 10 ಸಾವಿರದಿಂದ 20 ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗಿನ ಊರಿಗೆ ಪುರಸಭೆ ಎಂಬುದು ಸ್ಥೂಲ ವಿಂಗಡಣೆ. ಇಂಥ ಊರುಗಳಲ್ಲಿ ಖಾಸಗಿ ಸಿವಿಲ್ ಎಂಜಿನಿಯರುಗಳ ಸಂಖ್ಯೆ ಬೆರಳೆಣಿಕೆಯದು. ನಗರದಲ್ಲಿ ವಾಸ್ತುಶಿಲ್ಪಿ, ರಚನಾ ವಿನ್ಯಾಸಕಾರ, ಮೌಲ್ಯಮಾಪಕ, ಸರ್ವೆಯರ್, ಗುತ್ತಿಗೆದಾರ ಎಂದು ಐದು ಜನರಲ್ಲಿ ಹಂಚಿಹೋಗುವ ಕೆಲಸ ಇಲ್ಲಿ ಒಬ್ಬರ ಹೆಗಲಿಗೇ ಬೀಳುತ್ತದೆ. ಬ್ಯಾಂಕ್ ಸಾಲಕ್ಕೆ ಎಸ್ಟಿಮೇಟ್ ಬರೆಯುವವರು ಅವರೇ, ದಾಯಾದಿಗಳ ಪಾಲಿನಲ್ಲಿ ಗೋಡೆ ಅಳೆಯುವವರೂ ಅವರೇ. 2013ರಲ್ಲಿ ಗ್ರಾಮ ಪಂಚಾಯಿತಿಗಳ ಆಸ್ತಿಗೆ ‘ಇ-ಸ್ವತ್ತು’ ಬಂದ ಮೇಲಂತೂ ಫಾರಂ 9, ಫಾರಂ 11 ಎಂದರೇನು ಎಂದು ಕೇಳಿಕೊಂಡು ಬರುವವರಿಗೆ ಉತ್ತರಿಸುವ ಕೆಲಸವೂ ಸೇರಿಕೊಂಡಿತು. ಅದಕ್ಕೆ ಶುಲ್ಕ ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ.

ಮನೆ ಕಟ್ಟಿಸಲು ಹೊರಟವರು ಎಂಜಿನಿಯರ್ ಬಳಿಗೆ ಬರುವ ಕ್ರಮವನ್ನು ಗಮನಿಸಬೇಕು. ಮೊದಲು ನಿವೇಶನ, ಆಮೇಲೆ ವಾಸ್ತು ಹೇಳುವವರು, ಆಮೇಲೆ ಮೇಸ್ತ್ರಿ. ಅಡುಗೆಮನೆ ಆಗ್ನೇಯದಲ್ಲಿ, ಬಾವಿ ಈಶಾನ್ಯದಲ್ಲಿ ಎಂಬುದು ನಿರ್ಧಾರವಾಗಿ, ಮೇಸ್ತ್ರಿಯೊಡನೆ ಚದರಕ್ಕೆ ಇಷ್ಟೆಂದು ಕೂಲಿ ಮಾತಾಗಿ, ಗುದ್ದಲಿ ಪೂಜೆಯ ದಿನವೂ ಗೊತ್ತಾದ ಬಳಿಕ ‘ಪ್ಲಾನ್ ಪಾಸ್’ ಮಾಡಿಸಲು ಎಂಜಿನಿಯರ್ ನೆನಪಾಗುತ್ತಾರೆ. ಜನರ ದೃಷ್ಟಿಯಲ್ಲಿ ಅವರು ಮಾರುವ ಸರಕು ಒಂದು ಸಹಿ. ಕೋಟಿ ರೂಪಾಯಿಯ ಮನೆಯಾದರೂ ಆ ಸಹಿಗೆ ಚೌಕಾಸಿ ತಪ್ಪಿದ್ದಲ್ಲ. ಟೈಲ್ಸ್ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಬರುವವರು ಇಲ್ಲಿ ಬಂದು, ‘ಒಂದು ಹಾಳೆಗೆ ಇಷ್ಟೊಂದೇ ಸಾರ್?’ ಎನ್ನುತ್ತಾರೆ.

ಆ ಹಾಳೆಯ ಹಿಂದೆ ಏನಿದೆ ಎಂಬುದನ್ನು ವಿವರಿಸದೆ ಈ ಬದುಕು ಅರ್ಥವಾಗದು. ಮನೆಯ ಚಾವಣಿ ಹಾಕುವ ದಿನವನ್ನೇ ತೆಗೆದುಕೊಳ್ಳೋಣ. ಮೈಸೂರು ಕಡೆ ‘ಮೋಲ್ಡ್ ಹಾಕುವುದು’ ಎಂದೂ ಉತ್ತರದ ಕಡೆ ‘ಸ್ಲ್ಯಾಬ್ ಹಾಕುವುದು’ ಎಂದೂ ಕರೆಯುವ ದಿನವದು. 1,000 ಚದರ ಅಡಿಯ, 5 ಅಂಗುಲ ದಪ್ಪದ ಚಾವಣಿಗೆ ಸುಮಾರು 12 ಘನ ಮೀಟರ್ ಕಾಂಕ್ರೀಟ್ ಬೇಕು. 50 ಕಿಲೋ ತೂಕದ ಸಿಮೆಂಟ್ ಮೂಟೆಗಳು 90ಕ್ಕೂ ಹೆಚ್ಚು. ಭಾರತೀಯ ಮಾನಕ 456ರ ಪ್ರಕಾರ ಕಂಬಿ ಹಾಕಿದ ಕಾಂಕ್ರೀಟ್ ಕನಿಷ್ಠ ‘ಎಂ 20’ ದರ್ಜೆಯದಾಗಿರಬೇಕು. ಅಂದರೆ 28 ದಿನಗಳ ಬಳಿಕ ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬೇಕು. ಅಳತೆ ಡಬ್ಬದಲ್ಲಿ ಬೆರೆಸುವ ಸಾಧಾರಣ ಮಿಶ್ರಣದಲ್ಲಿ ಇದಕ್ಕೆ ಒಂದು ಮೂಟೆಗೆ 30 ಲೀಟರ್ ನೀರು ಮಿತಿ. ಮರಳು ಒದ್ದೆಯಿದ್ದರೆ ಅದರೊಳಗಿನ ನೀರನ್ನೂ ಆ ಲೆಕ್ಕದಲ್ಲೇ ಕಳೆಯಬೇಕು.

ಕಷ್ಟ ಬರುವುದು ಇಲ್ಲಿಯೇ. 30 ಲೀಟರಿನ ಕಾಂಕ್ರೀಟ್ ಗಟ್ಟಿಯಾಗಿರುತ್ತದೆ; ಎಳೆಯಲು, ಹರಡಲು ಶ್ರಮ ಹೆಚ್ಚು. ಮಿಕ್ಸರಿನ ಬಳಿ ನಿಂತ ಆಳು ಇನ್ನೊಂದು ಬಕೆಟ್ ನೀರು ಸುರಿದರೆ ಅದು ಪಾಯಸದಂತೆ ಹರಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಸಿಮೆಂಟಿಗೆ ಬೇಡವಾದ ಆ ನೀರು ಮುಂದೆ ಆವಿಯಾಗಿ ಹೋಗುವಾಗ ಕಾಂಕ್ರೀಟಿನ ಒಳಗೆ ಕಣ್ಣಿಗೆ ಕಾಣದ ರಂಧ್ರಗಳನ್ನು ಉಳಿಸುತ್ತದೆ. ಶಕ್ತಿ ಕುಗ್ಗುತ್ತದೆ. ಮಳೆನೀರು ಆ ರಂಧ್ರಗಳಲ್ಲಿ ಇಳಿದು ಕಂಬಿಯನ್ನು ಮುಟ್ಟುತ್ತದೆ, ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಹತ್ತಾರು ವರ್ಷಗಳ ನಂತರ ಚಾವಣಿಯ ತಳದ ಗಾರೆ ಹಪ್ಪಳದಂತೆ ಉದುರುತ್ತದೆ. ಆ ಒಂದು ಬಕೆಟ್ಟನ್ನು ತಡೆಯಲು ಎಂಜಿನಿಯರ್ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ನಿಂತಿರಬೇಕು. ಆದರೆ ಮೇಲ್ವಿಚಾರಣೆಗೆ ಹಣ ಕೊಡುವವರು ಎಷ್ಟು ಮಂದಿ? ನಕ್ಷೆಗೆ ಕೊಟ್ಟೆವಲ್ಲ ಎಂಬುದು ಸಾಮಾನ್ಯ ಉತ್ತರ.

ಸೆಂಟ್ರಿಂಗ್ ಬಿಚ್ಚುವ ವಿಷಯವೂ ಹೀಗೆಯೇ. 4.5 ಮೀಟರ್‌ವರೆಗಿನ ಅಗಲದ ಚಾವಣಿಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ, 6 ಮೀಟರಿಗಿಂತ ಉದ್ದದ ತೊಲೆಗೆ 21 ದಿನ ಊರೆಗಂಬಗಳು ಇರಲೇಬೇಕು ಎನ್ನುತ್ತದೆ ಅದೇ ಮಾನಕ. ಹಲಗೆ, ಜಾಕಿಗಳನ್ನು ದಿನದ ಬಾಡಿಗೆಗೆ ತಂದ ಮೇಸ್ತ್ರಿಗೆ ಬೇರೆ ಕಡೆ ಕೆಲಸ ಕಾಯುತ್ತಿರುತ್ತದೆ. ಮಾಲೀಕರಿಗೆ ಮುಹೂರ್ತದ ಅವಸರ. ಆಷಾಢ ಹಿಡಿಯುವ ಮುನ್ನ ಗೃಹಪ್ರವೇಶ ಆಗಬೇಕು. ‘ಇನ್ನೂ ನಾಲ್ಕು ದಿನ ಬಿಡಿ’ ಎನ್ನುವ ಎಂಜಿನಿಯರ್ ಇವರಿಬ್ಬರಿಗೂ ಬೇಡದ ಮನುಷ್ಯ.

ಉತ್ತರ ಕರ್ನಾಟಕದ ಎರೆಮಣ್ಣಿನ ಊರುಗಳಲ್ಲಿ ಇನ್ನೊಂದು ಸಂಕಟವಿದೆ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪಾಯ ಸಾಕಷ್ಟು ಆಳಕ್ಕೆ ಹೋಗದಿದ್ದರೆ ಮನೆಯೇ ಏರಿ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಪಾಯದ ಖರ್ಚು ನೆಲದೊಳಗೆ ಹೂತುಹೋಗುವಂಥದು, ನೆಂಟರಿಗೆ ತೋರಿಸಲು ಬರುವುದಿಲ್ಲ. ಆದ್ದರಿಂದ ಕಡಿತವಾಗುವುದು ಮೊದಲು ಅಲ್ಲಿಯೇ. ಬಿರುಕು ಕಾಣಿಸಿಕೊಂಡಾಗ ಮಾತ್ರ ಹೆಸರು ಬರುವುದು ನಕ್ಷೆಗೆ ಸಹಿ ಮಾಡಿದವರದು.

ಕಾನೂನಿನ ನೆಲೆಯೂ ಇಲ್ಲಿ ಸ್ಪಷ್ಟವಾಗಿಲ್ಲ. ವಕೀಲರಿಗೆ 1961ರ ಕಾಯ್ದೆಯಿದೆ, ಅವರದೇ ಪರಿಷತ್ತಿದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಮತ್ತು ಮಂಡಳಿ ಇವೆ. ಆ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಕಾಯುತ್ತದೆಯೇ ಹೊರತು ವಿನ್ಯಾಸದ ಕೆಲಸವನ್ನೇ ಇತರರಿಗೆ ನಿಷೇಧಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಸಿವಿಲ್ ಎಂಜಿನಿಯರುಗಳಿಗೆ ದೇಶಮಟ್ಟದಲ್ಲಿ ಅಂಥ ಕಾಯ್ದೆ ಬಂದಿಲ್ಲ. ಪದವಿ ಪಡೆದು ಸ್ಥಳೀಯ ಸಂಸ್ಥೆ ಅಥವಾ ಯೋಜನಾ ಪ್ರಾಧಿಕಾರದ ಪರವಾನಗಿ ಪಡೆಯಬೇಕು, ಅಷ್ಟೇ. ಕನಿಷ್ಠ ಶುಲ್ಕವನ್ನು ಗೊತ್ತುಪಡಿಸಿ ಕಾಪಾಡುವವರಿಲ್ಲ, ಅನ್ಯಾಯವಾದಾಗ ಬೆನ್ನಿಗೆ ನಿಲ್ಲುವವರೂ ಇಲ್ಲ. ಹೊಣೆ ಮಾತ್ರ ಪೂರ್ಣ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಅಸುನೀಗಿದಾಗ ಮಾಲೀಕರ ಜೊತೆಗೆ ಎಂಜಿನಿಯರ್ ಮೇಲೂ ಪ್ರಕರಣ ದಾಖಲಾಯಿತು. ಆ ಪ್ರಕರಣದ ತಪ್ಪು ಒಪ್ಪುಗಳನ್ನು ನ್ಯಾಯಾಲಯ ತೀರ್ಮಾನಿಸಬೇಕು. ಆದರೆ ಆ ದಿನಗಳಲ್ಲಿ ರಾಜ್ಯದ ಎಷ್ಟೋ ಸಣ್ಣ ಊರುಗಳಲ್ಲಿ ಎಂಜಿನಿಯರುಗಳು ತಮ್ಮ ಹಳೆಯ ಕಡತಗಳನ್ನು ತೆಗೆದು, ಯಾವ ಮನೆಯ ಮೇಲೆ ತಮಗೆ ತಿಳಿಸದೆ ಇನ್ನೊಂದು ಮಹಡಿ ಎದ್ದಿದೆ ಎಂದು ನೆನೆದಿದ್ದರೆ ಆಶ್ಚರ್ಯವಿಲ್ಲ.

ಶುಲ್ಕದಿಂದ ಸಂಸಾರ ನಡೆಯದಾದಾಗ ಎಂಜಿನಿಯರ್ ಗುತ್ತಿಗೆಗೆ ಇಳಿಯುತ್ತಾರೆ. ಈ ವೃತ್ತಿಯ ನಿಜವಾದ ತಿರುವು ಇದೇ ಎಂದು ನನ್ನ ಅಭಿಪ್ರಾಯ. ತಪಾಸಣೆ ಮಾಡಬೇಕಾದವರೇ ಕಟ್ಟುವವರಾದರೆ ತಪಾಸಣೆ ಮಾಡುವವರು ಯಾರು? ಮಾಲೀಕರು ಸಹಿಯಲ್ಲಿ ಉಳಿಸಿದ ಕೆಲವು ಸಾವಿರ ರೂಪಾಯಿ ಕೊನೆಗೆ ಅವರ ಮನೆಗೇ ಕಾವಲಿಲ್ಲದಂತೆ ಮಾಡುತ್ತದೆ. ಎಂಜಿನಿಯರ್ ಪಾಲಿಗೆ ಗುತ್ತಿಗೆಯೆಂದರೆ ಶನಿವಾರದ ಬಟವಾಡೆ. ಮಾಲೀಕರ ಕಂತು ಬರಲಿ, ಬಿಡಲಿ, ಬ್ಯಾಂಕ್ ಮುಂದಿನ ಹಂತದ ಸಾಲವನ್ನು ಬಿಡುಗಡೆ ಮಾಡಲಿ, ಬಿಡಲಿ, ಗಾರೆಯವರು, ಕಂಬಿ ಕಟ್ಟುವವರು, ಹೆಣ್ಣಾಳುಗಳು ವಾರದ ಕೂಲಿಗೆ ಬಾಗಿಲಲ್ಲಿ ನಿಲ್ಲುತ್ತಾರೆ. ಮಾರನೆಯ ದಿನ ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಆ ಬಾಗಿಲು ತೆರೆಯುವವರು ಹೆಚ್ಚಾಗಿ ಎಂಜಿನಿಯರ್ ಅವರ ಪತ್ನಿ. ಈ ವೃತ್ತಿಯ ಕಾಣದ ಪಾಲುದಾರರು ಅವರು. ಯಾವ ನಿವೇಶನಕ್ಕೆ ಎಷ್ಟು ಮೂಟೆ ಇಳಿಯಿತು ಎಂಬುದನ್ನು ಬರೆದಿಡುವುದು, ಜಲ್ಲಿ ಲಾರಿಯವರ ಫೋನಿಗೆ ಉತ್ತರಿಸುವುದು, ‘ಸಾರ್ ಸೈಟಿಗೆ ಹೋಗಿದ್ದಾರೆ’ ಎಂದು ದಿನಕ್ಕೆ ಹತ್ತು ಬಾರಿ ಹೇಳುವುದು ಅವರ ದಿನಚರಿ. ಬಟವಾಡೆಗೆ ಹಣ ಸಾಲದ ವಾರ ಅವರ ಬಳೆ, ಸರ ಗಿರವಿಗೆ ಹೋಗುತ್ತವೆ. ಬಾಕಿ ವಸೂಲಾದಾಗ ಮರಳುತ್ತವೆ, ಕೆಲವೊಮ್ಮೆ ಮರಳುವುದಿಲ್ಲ. ಸಂತೆಯಲ್ಲೋ ಮದುವೆಮನೆಯಲ್ಲೋ ಎದುರಾದ ಮಾಲೀಕರ ಮನೆಯವರು, ‘ನಿಮ್ಮ ಯಜಮಾನರು ಕಟ್ಟಿಸಿದ ಬಾತ್‌ರೂಮ್ ಸೋರುತ್ತಿದೆ’ ಎಂದಾಗ ನಗುತ್ತ ಕೇಳಿಸಿಕೊಳ್ಳಬೇಕಾದವರೂ ಅವರೇ. ದೊಡ್ಡ ನಗರದಲ್ಲಿ ಕೆಲಸ ಮುಗಿಸಿದ ಕಂಪನಿ ಫೋನ್ ಸಂಖ್ಯೆ ಬದಲಿಸಬಹುದು. ಸಣ್ಣ ಊರಿನಲ್ಲಿ ಕಟ್ಟಿದ ಮನೆಯ ಮುಂದೆಯೇ ಜೀವನಪರ್ಯಂತ ಓಡಾಡಬೇಕು.

ಸರ್ಕಾರಿ ಎಂಜಿನಿಯರಿಗಿರುವ ಸಂಬಳ, ರಜೆ, ವೈದ್ಯಕೀಯ ವೆಚ್ಚದ ಮರುಪಾವತಿ ಇವರಿಗಿಲ್ಲ. ಊರಿನವರು ಮಾತ್ರ ಎರಡೂ ಒಂದೇ ಎಂದು ತಿಳಿಯುತ್ತಾರೆ. ಜಾತ್ರೆಯ ಚಂದಾ ಪಟ್ಟಿಯಲ್ಲಿ ‘ಎಂಜಿನಿಯರ್ ಸಾಹೇಬರು’ ಎಂದು ದೊಡ್ಡ ಮೊತ್ತ ಬರೆದುಬಿಡುತ್ತಾರೆ. ಗುಡಿಯ ಗೋಪುರ, ಸಮುದಾಯ ಭವನ, ಸೋದರಮಾವನ ಮನೆ ಇವಕ್ಕೆಲ್ಲ ನಕ್ಷೆ ಪುಕ್ಕಟೆ. ಮಳೆಗಾಲದ ನಾಲ್ಕು ತಿಂಗಳು ಕೆಲಸ ಮಂದ. ನದಿ ಮರಳಿಗೆ ನಿರ್ಬಂಧ ಬಿಗಿಯಾದ ವರ್ಷಗಳಲ್ಲಿ ಅರ್ಧಕ್ಕೆ ನಿಂತ ಮನೆಗಳು, 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಮರಳಿದ ಹೊರರಾಜ್ಯದ ಆಳುಗಳು, ಇವೆಲ್ಲದರ ಪೆಟ್ಟು ಮೊದಲು ಬಿದ್ದದ್ದು ಇಂಥ ಮನೆಗಳ ಮೇಲೆ. ಸಿಮೆಂಟಿನ ಮೇಲಿದ್ದ ಶೇ 28ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಶೇ 18ಕ್ಕೆ ಇಳಿಸಿದಾಗ, ಒಪ್ಪಿಕೊಂಡ ದರದಲ್ಲಿ ಇನ್ನೆಷ್ಟು ಕಡಿಮೆ ಮಾಡುತ್ತೀರಿ ಎಂಬ ಪ್ರಶ್ನೆಯೂ ಇವರ ಬಾಗಿಲಿಗೇ ಬಂದಿರಬೇಕು.

ಇಂಥ ಮನೆಗಳ ಮಕ್ಕಳು ಕಂಬಿಯ ತೂಕದ ಸೂತ್ರವನ್ನು ಶಾಲೆಗೆ ಮುಂಚೆಯೇ ಕೇಳಿರುತ್ತಾರೆ. ಮಿಲಿಮೀಟರಿನಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿಲಿಮೀಟರ್ ಕಂಬಿಗೆ ಸುಮಾರು 890 ಗ್ರಾಂ. ಟ್ರೇಸಿಂಗ್ ಹಾಳೆ, ಅಮೋನಿಯಾ ಪ್ರಿಂಟಿನ ಘಾಟು ವಾಸನೆಯ ಕಾಲ ಹೋಗಿ ಗಣಕದಲ್ಲಿ ನಕ್ಷೆ ಬರೆಯುವ ಕಾಲ ಬಂದಾಗ ಅಪ್ಪಂದಿರಿಗೆ ಆಟೋಕ್ಯಾಡ್ ಕಲಿಸಿದವರೂ ಈ ಮಕ್ಕಳೇ. ಹಾಗೆ ಕಲಿಸಿದವರು ಸಿಇಟಿ ಬರೆದು ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡು ಬೆಂಗಳೂರಿಗೆ ಹೋದರು. ಅಪ್ಪಂದಿರು ತಡೆಯಲಿಲ್ಲ, ಹಲವರು ತಾವಾಗಿಯೇ ‘ಸಿವಿಲ್ ಬೇಡ’ ಎಂದರು. ಕೆಲವು ಊರುಗಳಲ್ಲಿ ಮಗಳು ಸಿವಿಲ್ ಓದಿ ಬಂದು ಅದೇ ಕೋಣೆಯಲ್ಲಿ ಕುಳಿತದ್ದೂ ಉಂಟು. ಮೇಸ್ತ್ರಿಗಳು ಅವರ ಮಾತು ಕೇಳುವಂತಾಗಲು ಒಂದೆರಡು ಮೋಲ್ಡುಗಳಾದರೂ ಬೇಕಾಗುತ್ತದೆ.

ಮನೆ ಕಟ್ಟಿಸುವ ಓದುಗರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕಡಿಮೆ. ನಕ್ಷೆಯ ಜೊತೆಗೆ ಕಂಬಿಯ ವಿವರದ ರಚನಾ ನಕ್ಷೆಯಿದೆಯೇ? ಮೇಲ್ವಿಚಾರಣೆಗೆ ಪ್ರತ್ಯೇಕ ಶುಲ್ಕ ಗೊತ್ತಾಗಿದೆಯೇ? ಪಾಯ, ಕಂಬ, ಚಾವಣಿ ಈ ಮೂರು ದಿನ ಎಂಜಿನಿಯರ್ ಸ್ಥಳದಲ್ಲಿ ಇರುವರೇ? ಇವಿಷ್ಟನ್ನೂ ಬರವಣಿಗೆಯಲ್ಲಿ ಮಾಡಿಕೊಂಡರೆ ಎರಡೂ ಮನೆಗಳಿಗೆ ಕ್ಷೇಮ.

ಚಾವಣಿ ಹಾಕಿದ ರಾತ್ರಿ ಎಂಜಿನಿಯರ್ ಮನೆಗೆ ಬರುವುದು ಎಲ್ಲರೂ ಉಂಡ ಮೇಲೆ. ಮಾಲೀಕರು ಕೆಲಸದವರಿಗೆ ಊಟ ಹಾಕಿಸಿರುತ್ತಾರೆ, ಮೇಸ್ತ್ರಿಗೆ ಪಂಚೆ, ಶಲ್ಯ ಕೊಟ್ಟಿರುತ್ತಾರೆ. ಬೆಳಗಾದರೆ ಚಾವಣಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು. ಸಾಮಾನ್ಯ ಸಿಮೆಂಟಾದರೆ 7 ದಿನ, ಹಾರುಬೂದಿ ಬೆರೆತದ್ದಾದರೆ ಕನಿಷ್ಠ 10 ದಿನ. ನೀರು ನಿಂತಿದೆಯೇ ಎಂದು ನೋಡಲು ಅವರು ಮುಂಜಾನೆಯೇ ಸ್ಕೂಟರ್ ಹತ್ತುತ್ತಾರೆ. ಪತ್ನಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಮೇಸ್ತ್ರಿಯ ಫೋನ್ ಬಂದಿರುತ್ತದೆ: ಟ್ಯಾಂಕರ್ ಬಂದಿಲ್ಲವಂತೆ.