ಐಸಿಯು ಬಾಗಿಲಲ್ಲಿ ಸಹಿ ಹಾಕುವ ಮುನ್ನ

‘ವೆಂಟಿಲೇಟರ್ ಹಾಕಬೇಕು, ಇಲ್ಲಿ ಸಹಿ ಮಾಡಿ.’ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಈ ಮಾತು ಕೇಳಿದಾಗ ಮನೆಯವರಿಗೆ ಯೋಚಿಸಲು ಸಿಗುವುದು ಕೆಲವೇ ನಿಮಿಷ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ರೋಗಿಯನ್ನು ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೋ ಕೋಲಾರಕ್ಕೋ ಬೆಂಗಳೂರಿಗೋ ಕರೆದೊಯ್ದಿರುತ್ತಾರೆ. ಮಗ ಹಣ ಹೊಂದಿಸಲು ಓಡಾಡುತ್ತಿರುತ್ತಾನೆ. ಫೋನಿನಲ್ಲಿ ಹತ್ತು ಬಂಧುಗಳು ಹತ್ತು ಸಲಹೆ ಕೊಡುತ್ತಿರುತ್ತಾರೆ. ಆದ್ದರಿಂದ ಈ ವಿಷಯವನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಮಾತಾಡಿಕೊಳ್ಳಬೇಕು.

ಮೊದಲು ಒಂದು ವಿಷಯ ತಿಳಿದಿರಲಿ. ವೆಂಟಿಲೇಟರ್ ರೋಗವನ್ನು ಗುಣಪಡಿಸುವುದಿಲ್ಲ. ಅದು ಶ್ವಾಸಕೋಶಕ್ಕೆ ಗಾಳಿ ತುಂಬಿ, ದೇಹ ಚೇತರಿಸಿಕೊಳ್ಳಲು ಸಮಯ ಕೊಡುತ್ತದೆ. ಹಾವು ಕಚ್ಚಿದವರು, ಕೀಟನಾಶಕ ಸೇವಿಸಿದವರು, ತೀವ್ರ ನ್ಯುಮೋನಿಯಾ ಆದವರು ಇದರಿಂದ ಬದುಕಿ ಮನೆಗೆ ಬರುತ್ತಾರೆ. ಅಂಥ ಕಡೆ ಹಿಂಜರಿಯಲೇಬಾರದು. ಆದರೆ ಕೊನೆಯ ಹಂತದ ಕ್ಯಾನ್ಸರ್‌ನಲ್ಲಿ ಅಥವಾ ಮೂತ್ರಪಿಂಡ, ಯಕೃತ್ತು, ಹೃದಯ ಒಟ್ಟಿಗೆ ಸೋತು ಚೇತರಿಕೆಯ ದಾರಿ ಮುಚ್ಚಿದಾಗ ಅದೇ ಯಂತ್ರ ಸಾವಿನ ಯಾತನೆಯನ್ನು ಉದ್ದ ಮಾಡಬಹುದು. ಯುನಾನಿಯಲ್ಲಿ ದೇಹದ ಸ್ವಂತ ಚೇತರಿಕೆಯ ಶಕ್ತಿಯನ್ನು ‘ತಬೀಅತ್’ ಎನ್ನುತ್ತೇವೆ. ವೈದ್ಯ ಅದಕ್ಕೆ ಸಹಾಯಕ ಮಾತ್ರ. ಅದು ಪೂರ್ತಿ ಕುಸಿದಾಗ ನನ್ನ ಔಷಧಿಯೂ ಕೆಲಸ ಮಾಡದು.

‘ಯಂತ್ರ ತೆಗೆಸಿದರೆ ನಾವೇ ಕೊಂದಂತಾಗುವುದಿಲ್ಲವೇ?’ ಎಂಬ ಭಯ ಅನೇಕರಲ್ಲಿದೆ. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ಇಸ್ಲಾಮಿನಲ್ಲಿ ನಿಷಿದ್ಧ, ದೇಶದ ಕಾನೂನಿನಲ್ಲೂ ಅಪರಾಧ. ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದು ಬೇರೆ ವಿಷಯ. ಮೂರ್ಛೆರೋಗದ ಮಹಿಳೆಯೊಬ್ಬರು ದುಆ ಕೇಳಿ ಬಂದಾಗ, ಸಹನೆ ಮತ್ತು ದುಆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಪ್ರವಾದಿವರ್ಯರು(ಸ) ಅವರಿಗೇ ಬಿಟ್ಟ ಹದೀಸ್ ಪ್ರಸಿದ್ಧವಾಗಿದೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಮೆದುಳಿನ ಎಲ್ಲ ಕಾರ್ಯಗಳೂ ಮರಳದಂತೆ ನಿಂತಿವೆ ಎಂದು ತಜ್ಞ ವೈದ್ಯರು ಖಚಿತಪಡಿಸಿದ ಮೇಲೆ ಯಂತ್ರ ತೆಗೆಯಬಹುದೆಂದು ನಿರ್ಣಯಿಸಿತು. ಉಳಿದ ಸಂದರ್ಭಗಳಲ್ಲಿ ವೈದ್ಯರ ಮಾತನ್ನು ಪೂರ್ತಿ ತಿಳಿದುಕೊಂಡು, ಅದನ್ನು ಹಾಗೆಯೇ ಆಲಿಮರ ಮುಂದಿಟ್ಟು ಕೇಳಿ.

ಕಾನೂನಿನ ಈ ದಾರಿ ತೆರೆದದ್ದರ ಹಿಂದೆ ನಮ್ಮ ಉತ್ತರ ಕನ್ನಡದ ಹೆಣ್ಣುಮಗಳೊಬ್ಬಳ ನೋವಿದೆ. ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅಲ್ಲೇ ಹಲ್ಲೆಗೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಇದ್ದರು. ಅವರಿಗೆ ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಿರಸ್ಕರಿಸಿತು. ಆಸ್ಪತ್ರೆಯ ದಾದಿಯರು ಕೊನೆಯವರೆಗೂ ಅವರನ್ನು ನೋಡಿಕೊಂಡರು. ಆದರೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಕೆಲವು ಷರತ್ತುಗಳೊಂದಿಗೆ ಅವಕಾಶವಿದೆ ಎಂದು ಅದೇ ತೀರ್ಪು ಹೇಳಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದನ್ನು ಹಕ್ಕೆಂದು ಒಪ್ಪಿತು. 2023ರಲ್ಲಿ ನಿಯಮಗಳು ಸರಳವಾದವು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು.

ಇದರ ಪ್ರಕಾರ ಮನೆಯವರು ಮಾತ್ರವೇ ಅಥವಾ ಒಬ್ಬ ವೈದ್ಯರು ಮಾತ್ರವೇ ತೀರ್ಮಾನಿಸುವಂತಿಲ್ಲ. ಚಿಕಿತ್ಸೆ ಕೊಡುವ ವೈದ್ಯರೂ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ ನೋಡಬೇಕು. ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿ ಅದನ್ನು ಪರಿಶೀಲಿಸಬೇಕು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ನಿಮ್ಮ ಇಚ್ಛೆಯನ್ನು ಮೊದಲೇ ಬರೆದಿಡಲೂಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಿಮ್ಮ ಪರವಾಗಿ ಮಾತಾಡುವವರ ಹೆಸರು ಬೇಕು.

ಈ ದಾರಿ ಗೊತ್ತಿಲ್ಲದೆ ಅನೇಕರು ದುಡ್ಡು ಮುಗಿದಾಗ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಬರೆದುಕೊಟ್ಟು ರೋಗಿಯನ್ನು ಮನೆಗೆ ಒಯ್ಯುತ್ತಾರೆ. ನೋವಿಗೂ ಉಬ್ಬಸಕ್ಕೂ ಮದ್ದಿಲ್ಲದೆ ರೋಗಿ ದಾರಿಯಲ್ಲೇ ಒದ್ದಾಡುವುದುಂಟು. ಹಾಗೆ ಮಾಡಬೇಡಿ. ‘ಉಪಶಾಮಕ ಆರೈಕೆ ಕೊಡಿ’ ಎಂದು ಕೇಳಿ. ನೋವು, ಉಸಿರಾಟದ ಸಂಕಟಕ್ಕೆ ಔಷಧಿಗಳಿವೆ. ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ.

ಸಹಿ ಹಾಕುವ ಮುನ್ನ ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಿ. ಈ ರೋಗ ಗುಣವಾಗುವಂಥದ್ದೇ? ಯಂತ್ರದಿಂದ ಹೊರಬರುವ ಸಾಧ್ಯತೆ ಎಷ್ಟು? ಹೊರಬಂದರೆ ರೋಗಿ ಯಾವ ಸ್ಥಿತಿಯಲ್ಲಿರುತ್ತಾರೆ? ಕೆಲವು ದಿನ ಪ್ರಯತ್ನಿಸಿ ಮತ್ತೆ ಕೂತು ಮಾತಾಡೋಣವೇ? ಉತ್ತರ ಕೇಳಲು ಮನೆಯ ಒಬ್ಬರೇ ಹೋಗಿ, ಉಳಿದವರಿಗೆ ಅವರೇ ತಿಳಿಸಲಿ.

ಹಾಸಿಗೆಯ ಬಳಿ ಹೋಗುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಪ್ರಜ್ಞೆಯಿಲ್ಲದ ರೋಗಿಯ ಬಾಯಿಗೆ ಝಮ್‌ಝಮ್ ನೀರಾಗಲಿ, ಜೇನಾಗಲಿ, ಹಕೀಮರ ಔಷಧಿಯಾಗಲಿ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒದ್ದೆ ಹತ್ತಿಯಿಂದ ತುಟಿ ತೇವ ಮಾಡಿದರೆ ಸಾಕು. ಪ್ರಜ್ಞೆ ಇಲ್ಲದಿದ್ದರೂ ಅವರಿಗೆ ಕೇಳಿಸುತ್ತಿರಬಹುದು. ಆದ್ದರಿಂದ ಖರ್ಚಿನ ಜಗಳ ಅಲ್ಲಿ ಬೇಡ. ಮೆಲುದನಿಯಲ್ಲಿ ಕಲಿಮಾ ಹೇಳಿ, ಕೈ ಹಿಡಿದುಕೊಳ್ಳಿ.

ಈ ಶುಕ್ರವಾರ ಜುಮಾ ಮುಗಿಸಿ ಊಟಕ್ಕೆ ಕೂತಾಗ ಅಬ್ಬಾ, ಅಮ್ಮಿಯನ್ನು ಕೇಳಿ: ‘ನಿಮಗೆ ಮಾತಾಡಲಾಗದ ದಿನ ಬಂದರೆ ನಿಮ್ಮ ಪರವಾಗಿ ಯಾರು ಮಾತಾಡಬೇಕು?’ ಅವರು ಹೇಳಿದ್ದನ್ನು ಬರೆದಿಡಿ.